ಅರಗಿನ ಮುದ್ರೆ ಹಾಕಿದ ಚೀಲ

ನನಗೆ ಸಿಟ್ಟು ಬೇಗ ಬರುತ್ತದೆ. ಬಂದಷ್ಟೇ ಬೇಗ ಇಳಿಯುತ್ತದೆ ಕೂಡ. ಆದರೆ ಸಿಕಂದರಾಬಾದಿನ ದಂಡು ಪ್ರದೇಶದೊಳಗಿರುವ ಒಂದು ಖರೀದಿ ಕಚೇರಿಯ ಮೇಲೆ ಬಂದ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ. ಇಳಿಯುವುದು ಬೇಡ ಎಂದೇ ಇದನ್ನು ಬರೆಯುತ್ತಿದ್ದೇನೆ.

ಸಿಕಂದರಾಬಾದಿಗೆ ಹತ್ತಿರದ ಬಾಲಾನಗರದಲ್ಲಿ ನನ್ನದೊಂದು ಹೊಲಿಗೆ ಶೆಡ್ಡಿದೆ. ತಗಡಿನ ಚಾವಣಿ, ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಬೆಂದು ಹೋಗಬೇಕು. ದಪ್ಪ ಬಟ್ಟೆ ಹೊಲಿಯುವ ಮಷೀನುಗಳಲ್ಲಿ ಕ್ಯಾನ್ವಾಸ್ ಚೀಲ, ಗಾಡಿಯ ಹೊದಿಕೆ, ಕೊಡೆಬಟ್ಟೆಯಂಥವನ್ನು ಹೊಲಿಯುತ್ತೇವೆ. ಹೊಲಿಯುವವರೆಲ್ಲ ಬೀದರ್, ಕಲಬುರಗಿ, ಯಾದಗಿರಿ ಕಡೆಯ ಹೆಂಗಸರು. ಗಂಡಂದಿರ ಜೊತೆ ಕೂಲಿಗೆಂದು ಈ ಊರಿಗೆ ಬಂದು, ಗಚ್ಚಿಬೌಲಿಯ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತವರು. ತಲೆಯ ಮೇಲಿನ ಬುಟ್ಟಿ ಇಳಿಸಿ ನೆರಳಿನಲ್ಲಿ ಕೂತು ದುಡಿಯುವುದು ಅವರ ಪಾಲಿಗೆ ಸಣ್ಣ ಮಾತಲ್ಲ. ಅವರಲ್ಲಿ ಎಲ್ಲರಿಗಿಂತ ಹಿರಿಯಳು ಆಳಂದ ಕಡೆಯ ಒಬ್ಬಾಕೆ. ಎಡಗೈಯಲ್ಲೇ ಎಲ್ಲ ಕೆಲಸ. ಆಕೆಯನ್ನು ಎಲ್ಲರೂ ಎಡಚಿ ಕಾಕಿ ಎಂದೇ ಕರೆಯುವುದು. ಆಕೆಯೂ ಓಗೊಡುವುದು ಅದಕ್ಕೇ.

ಕಾಕಿಯದು ಹಳೇ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಮನೆತನ. ಆ ಕೈಗೆ ಒಂದು ರೂಢಿ ಅಂಟಿಕೊಂಡಿದೆ: ಹೊಸ ಬಟ್ಟೆಯೊಳಗೆ ಹಳೆಯ ಬಟ್ಟೆಯ ಒಂದು ಚೂರಾದರೂ ಇರಲೇಬೇಕು. ಶೆಡ್ಡು ಶುರುವಾದ ಹೊಸದರಲ್ಲಿ ಭಾರದ ಚೀಲಗಳ ತಳದ ಮೂಲೆಗಳಲ್ಲಿ, ಎರಡು ಪದರ ಕ್ಯಾನ್ವಾಸಿನ ನಡುವೆ, ಹಳೇ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಇಟ್ಟು ಹೊಲಿಯುತ್ತಿದ್ದಳು. ಇದೇನು ಕಾಕಿ ಎಂದರೆ, "ಬರೇ ಹೊಸಾ ಅರಿವಿ ಇದ್ರ ದೃಷ್ಟಿ ಆಕ್ಕೈತ್ರಿ ಅಕ್ಕಾರ, ಹಳೇದೊಂದು ಒಳಗಿರಬೇಕು" ಎಂದಿದ್ದಳು. ದೃಷ್ಟಿಯ ಮಾತು ಹಾಗಿರಲಿ, ಆ ಮೂಲೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಒಳಗೆ ಸ್ಪ್ಯಾನರು, ಸುತ್ತಿಗೆ ಹಾಕಿದರೂ ತೂತು ಬೀಳುತ್ತಿರಲಿಲ್ಲ. ಹಾಗಾಗಿ ಅದೇ ನಮ್ಮ ಶೆಡ್ಡಿನ ಪದ್ಧತಿಯಾಯಿತು. ಮನೆಮನೆಯಿಂದ ಹಳೇ ಸೀರೆ ತರುವುದು, ಸೀಳುವುದು, ಮೂಲೆಯಲ್ಲಿ ಹಾಕುವುದು.

ನಮಗೆ ಕೆಲಸ ಕೊಡುತ್ತಿದ್ದವನು ಬೇಗಂ ಬಜಾರಿನ ಒಬ್ಬ ಸೇಠ. ಬಟ್ಟೆ ಅವನದು, ಹೊಲಿಗೆ ನಮ್ಮದು. ಮಾಲು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, "ಕಾರ್ಖಾನೆಗೆ, ಮಹಾರಾಷ್ಟ್ರದ ಕಡೆ" ಎಂದು ಕೈಯಾಡಿಸಿಬಿಡುತ್ತಿದ್ದ. ಒಂದು ಬಗೆಯ ಹೆಗಲಚೀಲದ ಮೇಲೆ ಮಾತ್ರ ಅವನಿಗೆ ವಿಪರೀತ ಕಾಳಜಿ. ಪಟ್ಟಿ ಬಿಗಿಯುವ ಬಕಲ್ ಎಡಕ್ಕೇ ಇರಬೇಕು, ಬಲಕ್ಕೆ ಹೋದರೆ ವಾಪಸು ಎನ್ನುತ್ತಿದ್ದ. ನಮೂನೆಗೆಂದು ಸೇಠ ಒಯ್ದ ಮೊದಲ ಚೀಲವನ್ನು ಹೊಲಿದವಳು ಎಡಚಿ ಕಾಕಿ, ಅವಳ ಕೈಗೆ ಬಕಲ್ ಎಡಕ್ಕೇ ಬಂದಿತ್ತು. ಅದೊಂದು ಕೈತಪ್ಪು, ಅಷ್ಟೇ. ಆ ಕೈತಪ್ಪೇ ಬೇಕೆಂದು ಸೇಠ ಹಟ ಹಿಡಿಯುತ್ತಿದ್ದುದು ಯಾಕೆಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಒಂದು ಸಲ ದಸರೆಗೆ ಮುಂಚೆ ಸೇಠ ಶೆಡ್ಡಿಗೆ ಬಂದು, ಹೊಲಿಗೆಯ ದರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವುದಾಗಿ ಹೇಳಿದ. ಒಪ್ಪಿದರೆ ಒಪ್ಪಿ, ಇಲ್ಲವಾದರೆ ಹೊಲಿಯುವವರು ಬೇಕಾದಷ್ಟು ಜನ ಇದ್ದಾರೆ ಎಂದ. ಆ ದರದಲ್ಲಿ ಬಾಡಿಗೆ, ಕರೆಂಟು ಕಟ್ಟಿದ ಮೇಲೆ ಹೆಂಗಸರ ಕೈಗೆ ಕೊಡಲು ಏನೂ ಉಳಿಯುವುದಿಲ್ಲ. ಶೆಡ್ಡಿಗೆ ಬೀಗ ಹಾಕಬೇಕು, ಅವರು ಮತ್ತೆ ಇಟ್ಟಿಗೆ ಹೊರಬೇಕು. ಕಾಕಿಯ ಮೊಣಕಾಲು ನೋಡಿದವರು ಯಾರೂ ಅವಳಿಗೆ ಬುಟ್ಟಿ ಹೊರಿಸಲಾರರು. ಆ ರಾತ್ರಿ ಇದನ್ನೆಲ್ಲ ಮನೆಯಲ್ಲಿ ಹೇಳಿಕೊಂಡೆ.

"ಸೇಠನ್ನ ಬಿಟ್ಟು ನಾವs ನೇರ ಮಾರಿದ್ರ ಹೆಂಗ?" ಎಂದರು ನನ್ನವರು.

ನನ್ನವರು ಕೇಂದ್ರ ಸರ್ಕಾರದ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಮಾಲು ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಕ್ವಾರ್ಟರ್ಸ್ ಬಿಟ್ಟು ಬಂದು ವರ್ಷಗಳಾದರೂ, ಮನೆಗೆ ತಂದ ಬದನೆಕಾಯಿಯನ್ನೂ ಒಂದೊಂದಾಗಿ ತಿರುಗಿಸಿ ನೋಡುವ ಚಟ ಹೋಗಿಲ್ಲ. ಸೈನ್ಯದ ಖರೀದಿ ಕಚೇರಿಗಳು ಏನೇನು ಕೊಂಡವು, ಯಾರಿಂದ ಕೊಂಡವು, ಯಾವ ದರಕ್ಕೆ ಕೊಂಡವು ಎಂಬುದನ್ನೆಲ್ಲ ಸರ್ಕಾರ ಇಂಟರ್‌ನೆಟ್ಟಿನಲ್ಲಿ ಹಾಕುತ್ತದೆ, ಅದನ್ನು ಮೊದಲು ಓದೋಣ ಎಂದರು. ಯಾರ ಮನೆಯ ಖರ್ಚು ಹೇಗೆ ನಡೆಯುತ್ತದೆಂದು ತಿಳಿಯದೆ ಆ ಮನೆಗೆ ಮಾಲು ಹೊತ್ತು ಹೋಗಬಾರದಂತೆ.

ಹಾಗೆ ನಾವು ಗಂಡ ಹೆಂಡತಿ ಸಂಜೆ ಸಂಜೆ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಸಿಕಂದರಾಬಾದಿನ ಆ ಕಚೇರಿಯ ಖರ್ಚನ್ನು ಜಾಲಾಡತೊಡಗಿದೆವು. ನೋಡಿದಷ್ಟೂ ನನ್ನ ಮೈ ಉರಿಯುತ್ತಿತ್ತು. ವರ್ಷವೆಲ್ಲ ತೂಕಡಿಸುವ ಕಚೇರಿ, ಮಾರ್ಚ್ ಬಂತೆಂದರೆ ಮದುವೆ ಮನೆಯ ಹಾಗೆ ಎದ್ದು ಕೂರುತ್ತಿತ್ತು. ಪೊರಕೆ, ಪರದೆ, ಗಾಡಿಯ ಹೊದಿಕೆ, ಎಲ್ಲವೂ ಆ ಒಂದೇ ತಿಂಗಳಲ್ಲಿ. ಉಪಕರಣ ಹಾಕುವ ಕ್ಯಾನ್ವಾಸ್ ಹೆಗಲಚೀಲ ಪ್ರತಿ ವರ್ಷ ಕೊಳ್ಳುತ್ತಿದ್ದರು. ಅದನ್ನು ಗೆಲ್ಲುತ್ತಿದ್ದುದು ಸರದಿಯಂತೆ ಮೂರೇ ಹೆಸರು. ಮೂರರ ವಿಳಾಸವೂ ಬೇಗಂ ಬಜಾರಿನ ಒಂದೇ ಗಲ್ಲಿ. ಒಂದು ನಮ್ಮ ಸೇಠನದು, ಇನ್ನೆರಡು ಅವನ ಅಳಿಯ ಮತ್ತು ತಮ್ಮನ ಮಗನದು. ನಮ್ಮ ಮಾಲು ಮಹಾರಾಷ್ಟ್ರಕ್ಕೆ ಹೋಗುತ್ತದೆಂದೇ ನಂಬಿದ್ದ ನಾನು, ಇಲ್ಲಿಗೆ ಕೊಡುವುದನ್ನು ಅವನು ಬೇರೆಯವರಿಂದ ಹೊಲಿಸುತ್ತಾನೆ ಎಂದುಕೊಂಡೆ. ಉತ್ತರದ ಕಡೆಯವರು ಎಷ್ಟೋ ಜನ ಇವರಿಗಿಂತ ಕಡಿಮೆ ದರ ಹೇಳಿದ್ದರು. ಅವರೆಲ್ಲರ ಮುಂದೆಯೂ ಒಂದೇ ಮಾತು: ಮಾದರಿಗೆ ಹೊಂದಿಲ್ಲ, ತಿರಸ್ಕೃತ.

"ನೋಡ್ರಿ, ನೋಡ್ರಿ! ಹಾಡಾಹಗಲs ಲೂಟಿ ಹೊಡಿಯಾಕತ್ತಾರ! ಒಳಗಿನವರ ಕೈ ಬಿಸಿ ಮಾಡ್ಯಾರ, ಅದಕ್ಕ ಬ್ಯಾರೇದವರ ಮಾಲೆಲ್ಲಾ ಕಸ!" ಎಂದು ನಾನು ಮೇಜು ಗುದ್ದಿದೆ. ಚಹಾದ ಬಸಿ ಎಗರಿ ಬಿತ್ತು.

"ಏ, ತಡಿ. ಸುಮ್ ಸುಮ್ನ ಯಾರ ಮ್ಯಾಲೂ ಆರೋಪ ಹೊರಸಬಾರದು. ಮಾದರಿಗೆ ಹೊಂದಿಲ್ಲ ಅಂದ್ರ ಹೊಂದಿರಂಗಿಲ್ಲ."

"ನೀವು ಜಲ್ಮ ಪೂರ್ತಿ ಅದs ಹೇಳ್ಕೋತ ಬಂದೀರಿ. ಪೆನ್ಶನ್ ಬರತೈತಿ, ತಣ್ಣಗ ಕುಂತು ಮಾತಾಡ್ತೀರಿ. ಇಲ್ಲೆ ನನ್ನ ಹೊಟ್ಟಿ ಉರಿಯಾಕತ್ತೈತಿ."

ಅವರು ನಕ್ಕು, ಬಸಿಯ ಚೂರು ಆಯ್ದರು. ಆ ಕಚೇರಿ ಒಂದು ಚೀಲಕ್ಕೆ ಕೊಡುತ್ತಿದ್ದ ದರದಲ್ಲಿ ನಾವು ಒಳ್ಳೆಯ ಬಟ್ಟೆ ಕೊಂಡು, ಹೆಂಗಸರಿಗೆ ಕೈತುಂಬ ಕೊಟ್ಟು, ಆಮೇಲೂ ನೆಮ್ಮದಿಯಾಗಿ ಇರಬಹುದಿತ್ತು. ಅದು ಗೊತ್ತಾದ ಮೇಲೆ ನಾನು ಸುಮ್ಮನಿರುವುದುಂಟೇ! ಹೊಸ ಟೆಂಡರು ಬಂದದ್ದೇ ತಡ, ಹೆಸರು ನೋಂದಾಯಿಸಿ ಮಾದರಿ ಚೀಲ ಹೊಲಿಸಲು ಕೂತೆವು. ಟೆಂಡರಿನಲ್ಲಿ ಬಟ್ಟೆಯ ತೂಕ, ದಾರದ ಬಗೆ, ಚೀಲದ ಅಳತೆ ಎಲ್ಲ ಬರೆದಿತ್ತು. ಕೊನೆಗೆ ಒಂದು ಸಾಲು: ಉಳಿದದ್ದು ಕಚೇರಿಯಲ್ಲಿರುವ ಮುದ್ರೆ ಹಾಕಿದ ಮಾದರಿಯಂತೆ. ಸೈನ್ಯದಲ್ಲಿ ಇದು ಪದ್ಧತಿ. ಒಪ್ಪಿಗೆಯಾದ ಒಂದು ವಸ್ತುವಿಗೆ ಅರಗಿನ ಮುದ್ರೆ ಒತ್ತಿ ಬೀರುವಿನಲ್ಲಿ ಇಡುತ್ತಾರೆ. ಆಮೇಲೆ ಬರುವ ಮಾಲೆಲ್ಲ ಅದರ ಹಾಗೆಯೇ ಇರಬೇಕು. ಅಳತೆ ನನ್ನ ಕೈಗೆ ಪರಿಚಯದ್ದೆನಿಸಿತು. ಚೀಲಗಳೆಲ್ಲ ಹೆಚ್ಚುಕಡಿಮೆ ಅದೇ ಅಳತೆಯಲ್ಲವೇ ಎಂದು ಬಿಟ್ಟುಬಿಟ್ಟೆ.

ಮಾದರಿ ನೋಡಿ ಬರೋಣವೇ ಎಂದು ಕೇಳಿದೆ. "ಎದಕ್ಕ? ಎಲ್ಲಾ ಬರದಾರಲ್ಲ. ಬರದದ್ದs ಪ್ರಮಾಣ" ಎಂದರು ನನ್ನವರು. ಅಷ್ಟೇ ಅಲ್ಲ, ಕಾಕಿಯ ಪಕ್ಕದಲ್ಲಿ ಸೀರೆಯ ತುಂಡು ಕಂಡು ಹೌಹಾರಿದರು. ಸರ್ಕಾರಕ್ಕೆ ಕೊಡುವ ಮಾಲಿನೊಳಗೆ ಹಳೇ ಬಟ್ಟೆ ತುಂಬಿದರೆ ಮೋಸವಾಗುತ್ತದೆ, ಬ್ಲ್ಯಾಕ್‌ಲಿಸ್ಟ್ ಮಾಡುತ್ತಾರೆ, ತೆಗೆಯಿರಿ ಮೊದಲು! ಬಕಲ್ ಕೂಡ ಬಲಕ್ಕೆ ಬರಬೇಕು, ಸಿಪಾಯಿಗಳಲ್ಲಿ ಹೆಚ್ಚಿನವರು ಬಲಗೈಯವರೇ ತಾನೆ ಎಂದರು. ನನಗೂ ಸರಿಯೆನಿಸಿತು. ಮೊದಲ ಸಲ ನಮ್ಮ ಹೆಸರಿನಲ್ಲಿ ಹೋಗುವ ಮಾಲು, ಅಚ್ಚುಕಟ್ಟಾಗಿರಲಿ ಎಂಬ ಆಸೆ. ಕಾಕಿ ಮಾತ್ರ ಮೂಗು ಮುರಿದಳು. "ಖಾಲಿ ಮೂಲಿ ಹೊಲೀಬಾರದ್ರಿ" ಎಂದು ಗೊಣಗುತ್ತಲೇ ಹೊಲಿದುಕೊಟ್ಟಳು.

ಚೀಲ ವಾಪಸು ಬಂತು. ತಿರಸ್ಕೃತ. ಕಾರಣ ಎರಡು: ಬಕಲ್ ಮಾದರಿಯ ವಿರುದ್ಧ ಬದಿಗೆ ಇದೆ, ತಳದ ಮೂಲೆ ಮಾದರಿಯಷ್ಟು ದಪ್ಪವಿಲ್ಲ.

ಓದಿದ ಕೂಡಲೇ ನನಗೆ ಏನೋ ಹೊಳೆದಂತಾಯಿತು, ಆದರೆ ನಂಬಲು ಮನಸ್ಸು ಒಪ್ಪಲಿಲ್ಲ. ಮಾದರಿಯನ್ನು ಕಣ್ಣಾರೆ ನೋಡಲೇಬೇಕು ಎಂದು ಹಟ ಹಿಡಿದೆ. ಟೆಂಡರು ಹಾಕಿದವರಿಗೆ ಆ ಹಕ್ಕು ಇದೆ. ಪಾಸಿಗೆ ಓಡಾಡಿ, ಗೇಟಿನಲ್ಲಿ ಮೊಬೈಲು ಒಪ್ಪಿಸಿ, ಬಂದೂಕು ಹಿಡಿದವರ ಮುಂದೆ ಕೈಚೀಲ ಬರಿದು ಮಾಡಿ, ಬಿಸಿಲಿನಲ್ಲಿ ಕಾದು, ಕೊನೆಗೆ ಒಳಗೆ ಹೋದೆವು. ಅಲ್ಲಿನ ಅಧಿಕಾರಿ ಬೀರುವಿನ ಬೀಗ ತೆಗೆದು, ಪಾರದರ್ಶಕ ಹೊದಿಕೆಯಿಂದ ಒಂದು ಚೀಲ ಹೊರತೆಗೆದು ಮೇಜಿನ ಮೇಲಿಟ್ಟ. ದಾರದಲ್ಲಿ ಕಟ್ಟಿದ ಚೀಟಿ, ಅದರ ಮೇಲೆ ಕೆಂಪು ಅರಗಿನ ಮುದ್ರೆ. ಮುಟ್ಟಬಹುದು, ಎಳೆಯಬಾರದು ಎಂದು ಹಿಂದಿಯಲ್ಲಿ ಎಚ್ಚರಿಸಿದ.

ಬಕಲ್ ಎಡಕ್ಕೆ ಇತ್ತು. ಪಟ್ಟಿಯ ತುದಿಯ ಗಂಟು ಬಲದಿಂದ ಎಡಕ್ಕೆ ತಿರುಗಿತ್ತು. ಹಾಗೆ ತಿರುಗಿಸುವ ಕೈ ನನಗೆ ಗೊತ್ತಿರುವುದು ಒಂದೇ. ತಳದ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿದೆ. ಒಳಗೆ ಗಟ್ಟಿಯಾಗಿ ನಾಲ್ಕು ಮಡಿಕೆ ಸಿಕ್ಕಿತು.

"ಇದು ನಮ್ಮದು!" ಎಂದೆ. ಸಿಟ್ಟಿನಲ್ಲಿ ಕನ್ನಡದಲ್ಲೇ ಹೇಳಿದ್ದೆ, ಆಮೇಲೆ ಹಿಂದಿಯಲ್ಲಿ ಹೇಳಿದೆ. "ನಮ್ಮ ಶೆಡ್ಡಿನಲ್ಲಿ ಹೊಲಿದದ್ದು ಇದು. ನಮ್ಮ ಚೀಲ ನಮ್ಮ ಚೀಲಕ್ಕೇ ಹೊಂದುವುದಿಲ್ಲ ಎಂದು ತಿರಸ್ಕಾರ ಮಾಡಿದ್ದೀರಲ್ಲ!"

ಅಧಿಕಾರಿ ನಕ್ಕ. "ಇಲ್ಲಿ ಬಂದವರೆಲ್ಲ ಹಾಗೇ ಹೇಳುತ್ತಾರಮ್ಮ. ದಾಖಲೆಯಲ್ಲಿ ಕೊಟ್ಟವರ ಹೆಸರು ಬೇರೆ ಇದೆ."

"ಈ ಮೂಲೆ ಬಿಚ್ಚಿ ನೋಡಿ. ಒಳಗೆ ಹಳೇ ಸೀರೆಯ ತುಂಡು ಇಲ್ಲದಿದ್ದರೆ ನನ್ನನ್ನು ಜೈಲಿಗೆ ಹಾಕಿ."

"ಬಿಚ್ಚಿದರೆ ಜೈಲಿಗೆ ಹೋಗುವವನು ನಾನು" ಎಂದು ಅವನು ಚೀಲವನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದ.

ಹೊರಗೆ ಬಂದು ಬೇಗಂಪೇಟೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತೆವು. ಲೋಕಲ್ ರೈಲು ಬಂದಿತು, ಹೋಯಿತು, ನಾವು ಏಳಲಿಲ್ಲ. ನನ್ನವರು ಮೆಲ್ಲಗೆ ಹೇಳಿದರು.

"ಉತ್ತರದವರ ಚೀಲ ಯಾಕ ವಾಪಸು ಹೋಗ್ತಿದ್ವು ಈಗ ಗೊತ್ತಾತು ನೋಡು. ಅವರ ಮೂಲ್ಯಾಗ ಸೀರಿ ಇಲ್ಲ. ಸೇಠಂದು, ಅವನ ಅಳಿಯಂದು, ತಮ್ಮನ ಮಗಂದು ಯಾಕ ಪಾಸ್ ಆಗ್ತಿದ್ವು? ಮೂರೂ ನಮ್ಮ ಶೆಡ್ಡಿನವs. ನಾವು ಇಷ್ಟು ದಿನಾ ಮೇಜಿನ ಮ್ಯಾಲೆ ಕುಂತು ಜಾಲಾಡಿದ್ದು ನಮ್ಮದs ಮಾಲು."

ನಾನು ಬೈದ ಪ್ರತಿ ಬೈಗುಳ ನೆನಪಾಯಿತು. ಯಾರಿಗೂ ಕೈ ಬಿಸಿ ಮಾಡುವ ಅಗತ್ಯವೇ ಇರಲಿಲ್ಲವಲ್ಲ! ಒಬ್ಬ ಹೆಂಗಸಿನ ಎಡಗೈಯ ತಪ್ಪನ್ನು ನಿಯಮ ಮಾಡಿಕೊಂಡು, ಅವಳ ರೂಢಿಯನ್ನು ಗುಣಮಟ್ಟ ಎಂದು ಕರೆದು, ಇಡೀ ಕಚೇರಿ ಅದನ್ನೇ ಎಲ್ಲರಿಂದ ಕೇಳುತ್ತಿತ್ತು. ಇಷ್ಟು ವರ್ಷ ಸಿಪಾಯಿಗಳು ಎಡಬದಿಯ ಬಕಲ್ ಬಿಗಿಯಲು ತಿಣುಕಿರಬೇಕು. ಅವರಲ್ಲಿ ಒಬ್ಬರಾದರೂ ಯಾಕೆ ಹೀಗೆ ಎಂದು ಕೇಳಿರಲಾರರೇ? ಕೇಳಿದ್ದರೆ ಮಾದರಿಯಲ್ಲಿ ಹಾಗೇ ಇದೆ ಎಂಬ ಉತ್ತರ ಸಿಕ್ಕಿರುತ್ತದೆ. ಲಾಭ ಸೇಠನಿಗೆ, ಹೆಸರು ಸೇಠನಿಗೆ, ನಮಗೆ ಅರ್ಧ ದರದ ಬೆದರಿಕೆ. "ಹಾಳಾಗಿ ಹೋಗ್ಲಿ ಇವರ ಬೀರು, ಇವರ ಅರಗು!" ಎಂದು ಪ್ಲಾಟ್‌ಫಾರ್ಮಿನಲ್ಲೇ ಕೂಗಿದೆ. ಪಕ್ಕದಲ್ಲಿ ಕೂತವರು ಎದ್ದು ಆಚೆ ಹೋದರು. ಸದಾ ನನ್ನನ್ನು ಸುಮ್ಮನಿರಿಸುವ ನನ್ನವರು ಆವತ್ತು ಸುಮ್ಮನಿರು ಎನ್ನಲಿಲ್ಲ.

ಹಿಂದೆ ನಾವೇ ಹೊಲಿದುಕೊಟ್ಟ ಚೀಲ ತೋರಿಸಿ ಆ ಸಲದ ಟೆಂಡರನ್ನೂ ಎಂದಿನಂತೆ ಸೇಠನ ಮನೆಯವರೇ ಗೆದ್ದರು. ನಾನು ಅರ್ಧ ದರ ಒಪ್ಪದ್ದರಿಂದ ಅವನು ಹೊಲಿಗೆಯನ್ನು ಬೇರೆ ಕಡೆ ಕೊಟ್ಟ. ನಮ್ಮ ಮಷೀನುಗಳ ಮೇಲೆ ಧೂಳು ಕೂತಿತು. ಇಬ್ಬರು ಹೆಂಗಸರು ಮತ್ತೆ ಗಚ್ಚಿಬೌಲಿಯ ದಾರಿ ಹಿಡಿದರು. ಹೋಗುವಾಗ ಅವರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ಕಾಕಿ ದಿನಾ ಬಂದು ಖಾಲಿ ಮಷೀನಿಗೆ ಎಣ್ಣೆ ಹಾಕಿ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಸೇಠ ಬೆವರು ಒರೆಸುತ್ತ ಒಳಗೆ ಬಂದ. ಕೈಯಲ್ಲಿ ತಿರಸ್ಕೃತವಾದ ಒಂದು ಚೀಲ. ಬೇರೆಯವರಿಂದ ಹೊಲಿಸಿದ ಮಾಲನ್ನೆಲ್ಲ ಕಚೇರಿ ವಾಪಸು ಕಳಿಸಿತ್ತು.

"ಬೆಹೆನ್‌ಜೀ, ಈ ಮೂಲೆಯೊಳಗೆ ನೀವು ಏನು ಹಾಕುತ್ತೀರಿ?" ಎಂದು ತನ್ನ ದಖನಿ ಉರ್ದುವಿನಲ್ಲಿ ಕೇಳಿದ. ವರ್ಷಗಟ್ಟಲೆ ನಮ್ಮ ಮಾಲು ಮಾರಿದವನು ಒಂದು ದಿನವೂ ಮೂಲೆ ಒತ್ತಿ ನೋಡಿರಲಿಲ್ಲ!

ಕಾಕಿ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಸೇಠ ಹಳೆಯ ದರ ಕೊಡುತ್ತೇನೆಂದ. ಆಮೇಲೆ ಅದಕ್ಕಿಂತ ಹೆಚ್ಚು ಕೊಡುತ್ತೇನೆಂದ. ನಾನು ಒಂದೇ ಮಾತು ಹೇಳಿದೆ: ದರ ಮಾತ್ರ ಸಾಲದು, ಇಷ್ಟು ವರ್ಷದ ಚೀಲಗಳನ್ನು ಹೊಲಿದವರು ನಾವು ಎಂದು ನಿಮ್ಮ ಅಂಗಡಿಯ ಹೆಸರಿನಲ್ಲಿ ಬರೆದು ಕೊಡಿ. ಅವನ ಮುಖ ಹುಳ್ಳಗಾಯಿತು. ಅದನ್ನು ಕೊಟ್ಟರೆ ಮುಂದಿನ ವರ್ಷ ನೀವೇ ನನ್ನ ಎದುರು ನಿಲ್ಲುತ್ತೀರಿ ಎಂದ. ನಿಲ್ಲುವುದಕ್ಕೇ ಕೇಳುತ್ತಿದ್ದೇನೆ ಎಂದೆ. ಗಲ್ಲಿಯ ತುದಿಯವರೆಗೆ ಹೋಗಿ, ತಿರುಗಿ ಬಂದು, ಹಲ್ಲು ಕಡಿಯುತ್ತ ಬರೆದುಕೊಟ್ಟ. ಮಷೀನುಗಳು ಮತ್ತೆ ಓಡಿದವು. ಹೋಗಿದ್ದ ಇಬ್ಬರಿಗೂ ಹೇಳಿ ಕಳಿಸಿದೆ; ಅವರು ಮರುದಿನವೇ ಬಂದರು.

ಮುಂದಿನ ಟೆಂಡರಿಗೆ ನಾವು ಎಡಕ್ಕೆ ಬಕಲ್ ಇಟ್ಟು, ಮೂಲೆಗೆ ಸೀರೆ ಇಟ್ಟು, ಕಾಕಿಯ ಕೈಯಲ್ಲೇ ಹೊಲಿಸಿದ ಚೀಲ ಕೊಟ್ಟೆವು. ನನ್ನವರು ಈ ಸಲ ಸೀರೆಯ ತುಂಡನ್ನು ತಾವೇ ಮಡಿಸಿ ಕೊಟ್ಟರು. ಚೀಲ ಪಾಸಾಯಿತು. ಮಾದರಿಗೆ ಪೂರ್ತಿ ಹೊಂದಿದೆ ಎಂದು ಬರೆದಿದ್ದರು. ನಾನು ಶೆಡ್ಡಿನಲ್ಲಿ ಎಲ್ಲರಿಗೂ ಜಿಲೇಬಿ ಹಂಚಿಬಿಟ್ಟೆ, ಹುಚ್ಚಿ.

ಆಮೇಲೆ ಕರೆ ಬಂತು. ಅದೇ ಕೋಣೆ, ಅದೇ ಅಧಿಕಾರಿ. ಸೈನ್ಯಕ್ಕೆ ಹಿಂದೆ ಸರಬರಾಜು ಮಾಡಿದ ಅನುಭವ ತೋರಿಸಬೇಕು ಎಂದ. ಸಣ್ಣ ಉದ್ಯಮಕ್ಕೆ ಅದರಿಂದ ವಿನಾಯಿತಿ ಇದೆಯಲ್ಲ ಎಂದರು ನನ್ನವರು. ಈ ವಸ್ತುವಿಗೆ ಕೊಟ್ಟಿಲ್ಲ ಎಂದ. ನಾನು ಸೇಠನ ಕಾಗದವನ್ನು ಮೇಜಿನ ಮೇಲಿಟ್ಟೆ. ಅವನು ಮೇಲಿನಿಂದ ಕೆಳಗೆ ಓದಿದ, ಮತ್ತೆ ಒಮ್ಮೆ ಓದಿದ. ಕೆಟ್ಟವನಲ್ಲ, ಸುಳ್ಳು ಹೇಳಬಾರದು. ಅವನ ಮುಖದಲ್ಲಿ ಸಂಕಟವೇ ಇತ್ತು.

"ಇದರಲ್ಲಿ ನೀವು ಹೊಲಿದಿದ್ದೀರಿ ಎಂದಿದೆ. ಕೊಟ್ಟಿದ್ದೀರಿ ಎಂದಿಲ್ಲ. ಹೊಲಿದದ್ದು ಅನುಭವವಲ್ಲಮ್ಮ, ಕೊಟ್ಟದ್ದು ಅನುಭವ."

"ಹಾಗಾದರೆ ಸೇಠನಿಗೆ ಯಾವ ಅನುಭವ ಇದೆ? ಸೂಜಿಗೆ ದಾರ ಪೋಣಿಸಲು ಬರುತ್ತದೆಯೇ ಅವನಿಗೆ? ನಮ್ಮ ಚೀಲ ಇಲ್ಲದಿದ್ದರೆ ಅವನ ಮಾಲು ಈ ಗೇಟು ದಾಟುವುದಿಲ್ಲ. ನಿಮ್ಮ ಬೀರುವಿನಲ್ಲಿ ಕೂತಿರುವುದು ನಮ್ಮ ಕೆಲಸ. ಅದಕ್ಕೆ ಅರಗು ಹಾಕಿ, ಬೀಗ ಹಾಕಿ, ಬಂದೂಕು ಹಿಡಿದು ಕಾಯುತ್ತೀರಿ. ಹೊಲಿದವಳು ಬಾಗಿಲಿಗೆ ಬಂದರೆ ಅನುಭವ ಇಲ್ಲ ಎನ್ನುತ್ತೀರಿ. ನಾಚಿಕೆಯಾಗುವುದಿಲ್ಲವೇ ನಿಮಗೆ?"

"ನಿಯಮ ನಾನು ಮಾಡಿದ್ದಲ್ಲ" ಎಂದ ಅವನು.

ನನ್ನವರು ನನ್ನ ತೋಳು ಹಿಡಿದು ಎಬ್ಬಿಸಿದರು. ಬಾಗಿಲ ಬಳಿ ನಿಂತು, ತಮ್ಮ ಮೆದು ದನಿಯಲ್ಲಿ, ನಾನೂ ಜೀವನವೆಲ್ಲ ಇದೇ ಮಾತು ಹೇಳಿದ್ದೇನೆ ಸಾಹೇಬರೇ, ಎದುರಿಗೆ ನಿಂತವರಿಗೆ ಹೇಗೆ ಕೇಳಿಸುತ್ತದೆಂದು ಇವತ್ತು ಗೊತ್ತಾಯಿತು ಎಂದರು. ಅವನು ಸೇಠನ ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟ. ಟೆಂಡರು ಸೇಠನಿಗೇ ಹೋಯಿತು, ಹೊಲಿಗೆ ನಮಗೆ ಬಂತು. ಈಗಲೂ ಹಾಗೇ ನಡೆಯುತ್ತಿದೆ. ದರ ಮೊದಲಿಗಿಂತ ಮೇಲು, ಶೆಡ್ಡಿನ ಬಾಗಿಲು ತೆರೆದೇ ಇದೆ. ಅದಕ್ಕಾಗಿ ಸಂತೋಷಪಡಬೇಕು ಎನ್ನುವವರಿದ್ದಾರೆ. ನನಗೆ ಆಗುವುದಿಲ್ಲ.

ಆವತ್ತು ಅಲ್ಲಿಂದ ನೇರ ಶೆಡ್ಡಿಗೆ ಹೋಗಿ ನಡೆದದ್ದನ್ನೆಲ್ಲ ಕಾಕಿಗೆ ಹೇಳಿದೆ. ಬೀರುವಿನಲ್ಲಿರುವುದು ಅವಳು ಹೊಲಿದ ಮೊಟ್ಟಮೊದಲ ಚೀಲ ಎಂದಾಗ ಅವಳ ಕೈ ನಿಂತಿತು.

"ಮೊದಲನೇದಾ? ಅದರಾಗ ನನ್ನ ಮದುವಿ ಧಾರಿ ಸೀರಿ ಐತ್ರಿ ಅಕ್ಕಾರ. ಆಗ ಇಲ್ಲಿ ಹಳೇ ಅರಿವಿ ಇರಲಿಲ್ಲ. ಹರದಿತ್ತು ಅಂತ ನಂದs ತಂದು ಹಾಕಿದ್ದೆ. ಅಷ್ಟು ಜ್ವಾಪಾನ ಇಟ್ಟಾರ?"

"ಹೂಂ. ಬೀಗ ಹಾಕಿ ಇಟ್ಟಾರ."

"ಬಂಗಾರದಂಗ ಕಾಯಾಕತ್ತಾರಲ್ರೀ!" ಎಂದು ಮನಸಾರೆ ನಕ್ಕಳು. ಮತ್ತೆ ಮಷೀನಿಗೆ ಬಾಗಿದಳು. ಎರಡು ಹೊಲಿಗೆ ಹಾಕಿ ನಿಲ್ಲಿಸಿ ಕೇಳಿದಳು: "ನನಗೂ ಒಂದ್ ಪಾಸ್ ಮಾಡಸ್ರಲ್ಲಾ. ಒಂದ್ ಸಲ ನೋಡಿ ಬರ್ತೀನಿ."

ಪಾಸು ಟೆಂಡರಿನಲ್ಲಿ ಹೆಸರಿದ್ದವರಿಗೆ ಮಾತ್ರ. ಹೊಲಿದವರಿಗೆ ಕೊಡುವುದಿಲ್ಲ. ಅದನ್ನು ಅವಳಿಗೆ ಹೇಳದೆ, ಮೂಲೆಗೆ ಹಾಕುವ ಸೀರೆಯ ತುಂಡನ್ನು ಮಡಿಸಿ ಅವಳ ಮುಂದಿಟ್ಟೆ.